ಅಲ್ ಕಪೋನ್: ಕ್ಷೌರಿಕನ ಮಗ ಷಿಕಾಗೊ ಪಾತಕಲೋಕದ ಒಡೆಯನಾದ ಬಗೆ

ಅಮೆರಿಕದ ಮದ್ಯನಿಷೇಧದ ಅಧ್ಯಾಯ ಓದುವಾಗ ನಮ್ಮಲ್ಲಿ ಹಲವರು ಅಲ್ ಕಪೋನ್‌ನ ಕ್ರೌರ್ಯದ ಕಥೆಗಳಲ್ಲೇ ನಿಂತುಬಿಡುತ್ತೇವೆ. ಇಪ್ಪತ್ತಾರರ ತರುಣನ ಕೈಗೆ ಅಷ್ಟು ದೊಡ್ಡ ಜಾಲ ಬಂದದ್ದು ಹೇಗೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಜಾನಿ ಟೊರಿಯೊ ಎಂಬ ಇನ್ನೊಬ್ಬನನ್ನೂ, ಕಾನೂನಿನಲ್ಲಿದ್ದ ಒಂದು ಸಂದನ್ನೂ ಗಮನಿಸಬೇಕು.

ಕಪೋನ್ ಹುಟ್ಟಿದ್ದು 1899ರ ಜನವರಿ 17ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇಟಲಿಯ ನೇಪಲ್ಸ್ ಸೀಮೆಯಿಂದ ವಲಸೆ ಬಂದಿದ್ದ ತಂದೆ ಗೇಬ್ರಿಯೆಲ್ ಕ್ಷೌರಿಕ, ತಾಯಿ ತೆರೇಸಾ ಹೊಲಿಗೆ ಕೆಲಸದವಳು. ದುಡಿದು ತಿನ್ನುವ ಮನೆತನವದು. ಬಡತನವೇ ಅವನನ್ನು ಪಾತಕಿಯನ್ನಾಗಿಸಿತು ಎಂದು ಬರೆದು ಮುಗಿಸುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಶಿಕ್ಷಕಿಯ ಮೇಲೆ ಕೈಮಾಡಿದ ಆತ ಹದಿನಾಲ್ಕರ ಹೊತ್ತಿಗೆ ಶಾಲೆ ಬಿಟ್ಟು ಬೀದಿ ಗುಂಪುಗಳನ್ನು ಸೇರಿದ. ಟೊರಿಯೊನ ಪರಿಚಯವಾದದ್ದೂ ಆ ದಿನಗಳಲ್ಲೇ.

ಮುಂದೆ ಕೋನಿ ಐಲೆಂಡ್‌ನಲ್ಲಿ ಫ್ರ್ಯಾಂಕಿ ಯೇಲ್ ನಡೆಸುತ್ತಿದ್ದ ಪಾನಗೃಹದಲ್ಲಿ ಕೆಲಸಕ್ಕಿದ್ದಾಗ, ಕಪೋನ್ ಒಬ್ಬ ಯುವತಿಗೆ ಅಸಭ್ಯ ಮಾತನಾಡಿದ. ಜೊತೆಗಿದ್ದ ಅವಳ ಅಣ್ಣ ಚಾಕು ತೆಗೆದು ಅವನ ಮುಖದ ಎಡಭಾಗಕ್ಕೆ ಮೂರು ಬಾರಿ ಗೀರಿದ. ‘ಸ್ಕಾರ್‌ಫೇಸ್’ (ಗಾಯದ ಕಲೆಯ ಮುಖದವ) ಎಂಬ ಅಡ್ಡಹೆಸರು ಬಂದದ್ದು ಹೀಗೆ. ಅವು ಯುದ್ಧದಲ್ಲಾದ ಗಾಯಗಳೆಂದು ಅವನು ಹೇಳಿಕೊಳ್ಳುತ್ತಿದ್ದನಾದರೂ ಸೈನ್ಯದಲ್ಲಿ ಎಂದೂ ಸೇವೆ ಸಲ್ಲಿಸಿರಲಿಲ್ಲ, ಮತ್ತು ಛಾಯಾಗ್ರಾಹಕರಿಗೆ ಆ ಕೆನ್ನೆ ಕಾಣದಂತೆ ಮುಖ ತಿರುಗಿಸುತ್ತಿದ್ದ.

ದೇಶದಾದ್ಯಂತ ಮದ್ಯನಿಷೇಧ ಜಾರಿಯಾದದ್ದು 1920ರ ಜನವರಿ 17ರಂದು, ಅಂದರೆ ಕಪೋನ್‌ಗೆ ಸರಿಯಾಗಿ 21 ತುಂಬಿದ ದಿನ. ಕಾನೂನು ತಡೆದದ್ದು ಮದ್ಯದ ತಯಾರಿಕೆ, ಸಾಗಣೆ ಮತ್ತು ಮಾರಾಟವನ್ನೇ ಹೊರತು ಕುಡಿಯುವುದನ್ನಲ್ಲ. ಶೇ. 0.5ಕ್ಕಿಂತ ಕಡಿಮೆ ಮದ್ಯಸಾರವಿರುವ ಬಿಯರ್ ತಯಾರಿಸಲು ಕಾರ್ಖಾನೆಗಳಿಗೆ ಪರವಾನಗಿಯೂ ಸಿಗುತ್ತಿತ್ತು. ಆದರೆ ಅಂಥ ಬಿಯರ್ ಮಾಡುವ ಸಾಮಾನ್ಯ ಕ್ರಮವೆಂದರೆ ಮೊದಲು ಅಸಲಿ ಬಿಯರನ್ನೇ ತಯಾರಿಸಿ, ನಂತರ ಅದರಿಂದ ಮದ್ಯಸಾರವನ್ನು ತೆಗೆಯುವುದು. ಆ ಕೊನೆಯ ಹಂತವನ್ನು ಬಿಟ್ಟು, ಅಧಿಕಾರಿಗಳ ಕೈ ಬೆಚ್ಚಗೆ ಮಾಡಿದರೆ ಪೀಪಾಯಿಗಳು ಹಾಗೆಯೇ ಹೊರಬೀಳುತ್ತಿದ್ದವು. ಷಿಕಾಗೊದಲ್ಲಿ ನೆಲೆಸಿದ್ದ ಟೊರಿಯೊ ಈ ಲಾಭವನ್ನು ಬೇಗನೆ ಗ್ರಹಿಸಿದ. ಅವನ ಯಜಮಾನ ಬಿಗ್ ಜಿಮ್ ಕೊಲೊಸಿಮೊ 1920ರ ಮೇ 11ರಂದು ತನ್ನದೇ ಹೋಟೆಲಿನಲ್ಲಿ ಗುಂಡಿಗೆ ಬಲಿಯಾದ. ಕೊಂದವರು ಯಾರೆಂಬುದು ಸಾಬೀತಾಗಲಿಲ್ಲ, ವ್ಯವಹಾರ ಮಾತ್ರ ಟೊರಿಯೊನ ಪಾಲಾಯಿತು. ಅವನು ಕರೆಸಿಕೊಂಡಿದ್ದ ಕಪೋನ್, ಹಳೆಯ ಪೀಠೋಪಕರಣಗಳ ವ್ಯಾಪಾರಿ ಎಂದು ಕಾರ್ಡು ಅಚ್ಚುಹಾಕಿಸಿಕೊಂಡು, ಜೂಜಿನ ಅಡ್ಡೆ ಮತ್ತು ವೇಶ್ಯಾಗೃಹಗಳ ಉಸ್ತುವಾರಿಯಿಂದ ಮೇಲೇರುತ್ತ ಬಂದ.

1923ರಲ್ಲಿ ಮೇಯರ್ ಆದ ವಿಲಿಯಂ ಡೆವರ್ ಬಿಗಿ ಹಿಡಿದಾಗ ಈ ಗುಂಪು ನಗರದ ಪಕ್ಕದ ಸಿಸೆರೊ ಪಟ್ಟಣದತ್ತ ಹೊರಳಿತು. 1924ರ ಏಪ್ರಿಲ್ 1ರ ಚುನಾವಣೆಯಲ್ಲಿ ಬಂದೂಕುಧಾರಿಗಳು ಮತದಾರರನ್ನು ಬೆದರಿಸಿ ತಮಗೆ ಬೇಕಾದವರನ್ನು ಗೆಲ್ಲಿಸಿದರು. ಅದೇ ದಿನ ಕಪೋನ್‌ನ ಅಣ್ಣ ಫ್ರ್ಯಾಂಕ್ ಪೊಲೀಸರ ಗುಂಡಿಗೆ ಸತ್ತ. ನವೆಂಬರ್ 10ರಂದು ಎದುರಾಳಿ ಡೀನ್ ಒಬಾನಿಯನ್ ತನ್ನ ಹೂವಿನ ಅಂಗಡಿಯಲ್ಲೇ ಕೊಲೆಯಾದ. ಅದಕ್ಕೆ ಪ್ರತೀಕಾರವಾಗಿ 1925ರ ಜನವರಿ 24ರಂದು ಟೊರಿಯೊನನ್ನು ಅವನ ಮನೆಯೆದುರೇ ಗುಂಡಿಟ್ಟು ಕೆಡವಿದರು. ಅವನು ಬದುಕುಳಿದನಾದರೂ ಆ ಬಾಳು ಸಾಕೆನಿಸಿ, ಸೆರೆವಾಸದ ಅವಧಿಯಲ್ಲೇ ಇಡೀ ಜಾಲವನ್ನು ಕಪೋನ್‌ಗೆ ಒಪ್ಪಿಸಿದ.