ಮನಸ್ಸು ಗಟ್ಟಿ ಮಾಡಿಕೊಂಡರೆ ಚಳಿ ಕಡಿಮೆಯಾಗುತ್ತಾ?

ಪ್ರಶ್ನೆ: ನನಗೆ ಚಳಿ ಅಂದರೆ ಆಗುವುದೇ ಇಲ್ಲ. ಬೆಳಿಗ್ಗೆ ಹೊದಿಕೆ ಸರಿಸುವುದೇ ದೊಡ್ಡ ಶಿಕ್ಷೆ. "ಅದೆಲ್ಲ ಮನಸ್ಸಿನಲ್ಲಿರುವುದು, ಆರಾಮಾಗಿರು, ಚಳಿ ಗೊತ್ತೇ ಆಗಲ್ಲ" ಅಂತ ಮನೆಯವರು ಹೇಳುತ್ತಾರೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಅರ್ಧ ನಿಜ. ಆದರೆ ಆ ಅರ್ಧ ಕೆಲಸಕ್ಕೆ ಬರುವಂಥದ್ದು.

ಮುಂದಿನ ಸಲ ಚಳಿಗೆ ಹೊರಗೆ ಹೋದಾಗ ನಿಮ್ಮ ಮೈಯನ್ನು ಸ್ವಲ್ಪ ಗಮನಿಸಿ. ಭುಜ ಕಿವಿಯ ಹತ್ತಿರ ಬಂದಿರುತ್ತದೆ. ಮುಷ್ಟಿ ಬಿಗಿದಿರುತ್ತದೆ, ಹಲ್ಲು ಕಚ್ಚಿರುತ್ತೀರಿ, ಉಸಿರು ಅರ್ಧಕ್ಕೇ ನಿಂತಿರುತ್ತದೆ. ಇಷ್ಟೆಲ್ಲ ಕಸರತ್ತು ಮಾಡಿದ್ದಕ್ಕೆ ಸಿಗುವ ಬಿಸಿ ಅಷ್ಟಕ್ಕಷ್ಟೆ. ಸುಸ್ತು ಮಾತ್ರ ಜಾಸ್ತಿ. ಚಳಿ ಮೈಗೆ ತಟ್ಟುವುದು ಒಂದು, ನಾವು ಅದರ ಜೊತೆ ಗುದ್ದಾಡುವುದು ಇನ್ನೊಂದು. ಮನಸ್ಸಿನ ಕೈಗೆ ಸಿಗುವುದು ಈ ಎರಡನೆಯದು.

ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರೆ ತಣ್ಣಗೆ ಅನ್ನಿಸುತ್ತದೆ ಅಲ್ವಾ? ಬಾಯಿಯೇನೂ ತಣ್ಣಗಾಗಿರುವುದಿಲ್ಲ. ನರಗಳ ತುದಿಯಲ್ಲಿ ಚಳಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಅದರ ಹೆಸರು ಟಿಆರ್‌ಪಿಎಂ8. ಪೆಪ್ಪರ್‌ಮಿಂಟ್‌ನಲ್ಲಿರುವ ಮೆಂಥಾಲ್ ಅದನ್ನೇ ಕೆಣಕುತ್ತದೆ. 2002ರಲ್ಲಿ ಇದನ್ನು ಪತ್ತೆ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಚಳಿ ಎನ್ನುವುದು ಚರ್ಮ ಮಿದುಳಿಗೆ ಮುಟ್ಟಿಸುವ ಸುದ್ದಿ. ಸುದ್ದಿ ಕೇಳಿ ಎಷ್ಟು ಗಾಬರಿಯಾಗಬೇಕು ಎನ್ನುವುದರಲ್ಲಿ ನಮಗೂ ಒಂದಿಷ್ಟು ಮಾತಿದೆ.

ಗಾಬರಿಯಾದರೆ ಚಳಿ ಇನ್ನೂ ಹೆಚ್ಚು ಅನ್ನಿಸುವುದಕ್ಕೆ ಕಾರಣವೂ ಇದೆ. ಇಂಟರ್‌ವ್ಯೂಗೆ ಕಾಯುವಾಗ, ಕೋಣೆ ಬೆಚ್ಚಗಿದ್ದರೂ, ಕೈ ತಣ್ಣಗಾಗುತ್ತದೆ. ಹೆದರಿಕೆಗೂ ಚಳಿಗೂ ಬೆರಳಿನ ರಕ್ತನಾಳಗಳನ್ನು ಕುಗ್ಗಿಸುವ ನರಗಳು ಒಂದೇ. ಚಳಿಯ ಮೇಲೆ ಹೆದರಿಕೆಯೂ ಸೇರಿದರೆ ಬೆರಳಿಗೆ ಎರಡೆರಡು ಕಡೆಯಿಂದ ಪೆಟ್ಟು. ಮನಸ್ಸು ಸಡಿಲವಾದರೆ ಅದರಲ್ಲಿ ಒಂದಾದರೂ ತಪ್ಪುತ್ತದೆ.

ಹರ್ಬರ್ಟ್ ಬೆನ್ಸನ್ ಎಂಬ ವೈದ್ಯರು ಮೈಯಲ್ಲಿ ಬಿಸಿ ಹುಟ್ಟಿಸಲೆಂದು ಮಾಡುವ ತುಮ್ಮೋ ಧ್ಯಾನದಲ್ಲಿ ಪಳಗಿದ ಟಿಬೆಟನ್ ಸನ್ಯಾಸಿಗಳನ್ನು ಪರೀಕ್ಷಿಸಿ 1982ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕೈಕಾಲು ಬೆರಳಿನ ಬಿಸಿ 8.3 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಿತ್ತು. ಕೇಳಿದರೆ ಪವಾಡದ ಹಾಗಿದೆ. ಆದರೆ ಬೆರಳು ಬೆಚ್ಚಗಾದ ಮಾತ್ರಕ್ಕೆ ಇಡೀ ಮೈ ಬಿಸಿಯಾಯಿತು ಅಂತಲ್ಲ. ರಕ್ತನಾಳ ತೆರೆದುಕೊಂಡರೆ ಒಳಗಿನ ಬಿಸಿಯೇ ಬೆರಳಿಗೆ ಹರಿಯುತ್ತದೆ. 2013ರಲ್ಲಿ ಮರಿಯಾ ಕೊಜೆವ್ನಿಕೋವ್ ಎಂಬ ಸಂಶೋಧಕಿಯ ತಂಡ ಅಳೆದಾಗ ತುಮ್ಮೋ ಮಾಡುವ ಕೆಲವರ ಒಳಮೈಯ ಉಷ್ಣತೆ 38.3 ಡಿಗ್ರಿ ಮುಟ್ಟಿತ್ತು, ನಿಜ. ಆದರೆ ಅದು ಸುಮ್ನೆ ಕಣ್ಣು ಮುಚ್ಚಿ ಕೂತು ಆದದ್ದಲ್ಲ. ಜೋರು ಉಸಿರಾಟ, ಮಾಂಸಖಂಡಗಳ ಬಿಗಿತ, ವರ್ಷಗಟ್ಟಲೆ ಅಭ್ಯಾಸ ಎಲ್ಲ ಸೇರಿತ್ತು. ಆರಾಮದ ಲೆಕ್ಕಕ್ಕೆ ಅದನ್ನು ಹಾಕಲು ನನಗೆ ಮನಸ್ಸಿಲ್ಲ.

ಇಲ್ಲೇ ಒಂದು ಎಡವಟ್ಟೂ ಇದೆ. ಬೆರಳಿಗೆ ಬಿಸಿ ಹರಿದರೆ ಅದು ಗಾಳಿಗೂ ಹೋಗುತ್ತದೆ. ಗ್ಲೌಸ್, ಸ್ವೆಟರ್ ಇದ್ದರೆ ಚಿಂತೆಯಿಲ್ಲ. ಬರಿಮೈಯಲ್ಲಿ ಕೊರೆಯುವ ಚಳಿಗೆ ನಿಂತು ರಕ್ತನಾಳ ತೆರೆಯಲು ಹೋದರೆ ನಷ್ಟ ನಮಗೇ. ಮದ್ಯ ಕುಡಿದವರಿಗೆ ಬೆಚ್ಚಗೆ ಅನ್ನಿಸುತ್ತಲೇ ಮೈ ತಣ್ಣಗಾಗುವುದೂ ಹೀಗೆಯೇ.

ಹಾಗಾದರೆ ಬೆಳಿಗ್ಗೆ ಏನು ಮಾಡಬೇಕು? ಮೊದಲು ಬಟ್ಟೆ. ಏಳುವ ಮುಂಚೆಯೇ ಸ್ವೆಟರ್ ಕೈಗೆ ಸಿಗುವಂತಿರಲಿ. ಆಮೇಲೆ ಉಸಿರು. ಹೊದಿಕೆ ಸರಿಸುವಾಗ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಡಿ. ಭುಜ ಇಳಿಸಿ, ದವಡೆ ಸಡಿಲ ಮಾಡಿ. "ಅಯ್ಯೋ ಸತ್ತೆ" ಅನ್ನುವ ಬದಲು ಎಲ್ಲಿ ಏನಾಗುತ್ತಿದೆ ಅಂತ ನೋಡಿ. ಮೂಗಿನ ತುದಿ ತಣ್ಣಗಿದೆ, ಪಾದ ಜುಮ್ ಅಂತಿದೆ, ಹೊಟ್ಟೆ ಬೆಚ್ಚಗೇ ಇದೆ. ನನಗಂತೂ ಈ ಹೊಟ್ಟೆಯ ವಿಷಯ ಗಮನಕ್ಕೆ ಬಂದ ದಿನದಿಂದ ಚಳಿಯ ಮೇಲಿನ ಸಿಟ್ಟು ಇಳಿದಿದೆ.

'ಮುಳುಗಿದವನಿಗೆ ಚಳಿಯೇನು, ಮಳೆಯೇನು' ಅಂತ ಗಾದೆ ಇದೆಯಲ್ಲ, ಅದರಲ್ಲಿ ಸ್ವಲ್ಪ ವಿಜ್ಞಾನವೂ ಇದೆ. ತಣ್ಣೀರಿಗೆ ಇಳಿದಾಗ ಏದುಸಿರು ಬರುವುದು ಮೊದಲ ಒಂದೆರಡು ನಿಮಿಷವೇ ಜೋರು. ಕೆಲವು ಸಲ ಹಾಗೆ ಇಳಿದರೆ ಮೈಯೂ ಅಭ್ಯಾಸ ಮಾಡಿಕೊಳ್ಳುತ್ತದೆ. ಹಾಗಂತ ನಾಳೆಯೇ ಐಸ್ ನೀರಿಗೆ ಧುಮುಕಬೇಡಿ. ಆ ಮೊದಲ ನಿಮಿಷದಲ್ಲೇ ನೀರು ಕುಡಿದು ಮುಳುಗಿದವರಿದ್ದಾರೆ. ಹೃದಯದ ತೊಂದರೆ ಇದ್ದವರಂತೂ ದೂರವಿರಿ.

ಇನ್ನು ಮನೋಭಾವದ ಮಾತು. ನಾರ್ವೆಯ ಟ್ರೋಮ್ಸೊದಲ್ಲಿ ಚಳಿಗಾಲದಲ್ಲಿ ಸುಮಾರು 2 ತಿಂಗಳು ಸೂರ್ಯನೇ ಹುಟ್ಟುವುದಿಲ್ಲ. ಮನಶ್ಶಾಸ್ತ್ರಜ್ಞೆ ಕಾರಿ ಲೀಬೊವಿಟ್ಜ್ ಅಲ್ಲಿದ್ದು ಅಧ್ಯಯನ ಮಾಡಿದರು. ಚಳಿಗಾಲದಲ್ಲೂ ಒಳ್ಳೆಯದಿದೆ ಎಂದು ನೋಡುವವರಿಗೆ ಬದುಕಿನ ಬಗ್ಗೆ ತೃಪ್ತಿಯೂ ಹೆಚ್ಚಿತ್ತು. ಯಾವುದರಿಂದ ಯಾವುದು ಬಂತು ಅಂತ ಅದರಿಂದಷ್ಟೇ ಹೇಳಲಾಗದು. ಅಲ್ಲಿಯವರು ಉಣ್ಣೆ ಬಟ್ಟೆಯನ್ನೂ ಬಿಡುವುದಿಲ್ಲ, ಅದು ನೆನಪಿರಲಿ.

ನಡುಕ ಬಂದರೆ ಮಾತ್ರ ತಡೆಯಬೇಡಿ. ಭುಜದ ಬಿಗಿತ ಬೇರೆ, ಗಡಗಡ ನಡುಕ ಬೇರೆ. ನಡುಗುವಾಗ ಮೈ ಸುಮ್ಮನೆ ಕೂತಾಗಿನದಕ್ಕಿಂತ ಹಲವು ಪಟ್ಟು ಬಿಸಿ ಹುಟ್ಟಿಸುತ್ತದೆ. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಮಾತು ತೊದಲಿ, ಕೈ ತಡವರಿಸಿ, ನಡುಕ ತಾನಾಗಿ ನಿಂತುಬಿಟ್ಟರೆ ಚಳಿ ಗೆದ್ದೆವು ಅಂತಲ್ಲ. ತಕ್ಷಣ ಬೆಚ್ಚಗಿನ ಜಾಗಕ್ಕೆ ಕರೆದೊಯ್ದು ವೈದ್ಯರನ್ನು ಕರೆಯಬೇಕು.

ಕೊನೆಗೆ ನಿಮ್ಮನ್ನೇ ಒಂದು ಕೇಳಬೇಕು. ಮನೆಯಲ್ಲಿ ಉಳಿದವರೆಲ್ಲ ಹಾಯಾಗಿರುವಾಗ ನಿಮಗೊಬ್ಬರಿಗೇ ಚಳಿಯಾಗುತ್ತಾ? ಹಾಗಿದ್ದರೆ ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಬೆರಳು ಬಿಳಿಚಿ ನೀಲಿಯಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ವರದಿ ಬರುವವರೆಗೆ "ಎಲ್ಲ ಮನಸ್ಸಿನಲ್ಲಿದೆ" ಅನ್ನಬೇಡಿ ಅಂತ ಮನೆಯವರಿಗೂ ಹೇಳಿ.