ಮೇಲ್ ಸರ್ವರ್‌ನ ಬ್ಯಾಕಪ್ ಕೆಟ್ಟಿದೆಯೇ ಎಂಬುದನ್ನು ಸರ್ವರನ್ನೇ ಕೇಳಬೇಕು

ಕಂಪನಿಯ ಮೇಲ್ ಸರ್ವರ್ ಇದ್ದಕ್ಕಿದ್ದಂತೆ ನಿಂತಾಗ ಕಾರಣವನ್ನು ಹುಡುಕುತ್ತಾ ಹೋದರೆ ಬಹಳ ಸಲ ಕೊನೆಗೆ ಸಿಗುವುದು ಒಂದೇ ಸಂಗತಿ: ಲಾಗ್ ಕಡತಗಳಿರುವ ಡಿಸ್ಕ್ ತುಂಬಿಹೋಗಿದೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರನ್ನು ತಮ್ಮ ಕಟ್ಟಡದಲ್ಲೇ ಇಟ್ಟುಕೊಂಡಿರುವ ಸಂಸ್ಥೆಗಳಿಂದ, ಅದರಲ್ಲೂ ಪೀಣ್ಯ, ಬೊಮ್ಮಸಂದ್ರದಂಥ ಕಡೆಯ ಮಧ್ಯಮ ಗಾತ್ರದ ಕಾರ್ಖಾನೆಗಳಿಂದ, ಈ ದೂರು ಇಂದಿಗೂ ಬರುತ್ತಿದೆ. ಡಿಸ್ಕ್ ತುಂಬುವುದಕ್ಕೆ ಎಷ್ಟೋ ದಿನ ಮೊದಲೇ ಅಲ್ಲಿ ಬ್ಯಾಕಪ್ ಕೆಟ್ಟಿರುತ್ತದೆ. ಅದು ಯಾರ ಗಮನಕ್ಕೂ ಬಂದಿರುವುದಿಲ್ಲ, ಏಕೆಂದರೆ ಬ್ಯಾಕಪ್ ತಂತ್ರಾಂಶವು ಪ್ರತಿ ರಾತ್ರಿ ‘ಯಶಸ್ವಿ’ ಎಂಬ ವರದಿಯನ್ನು ತಪ್ಪದೆ ಕಳುಹಿಸುತ್ತಲೇ ಇರುತ್ತದೆ.

ಎಕ್ಸ್‌ಚೇಂಜ್‌ನ ಡೇಟಾಬೇಸ್ ಕೆಲಸ ಮಾಡುವ ಕ್ರಮ ತಿಳಿದಿದ್ದರೆ ಈ ತೊಂದರೆಯ ಅರ್ಧ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಳೆಯ ವರ್ತಕರು ದಿನದ ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು, ಬಿಡುವಾದಾಗ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದಂತೆ, ಈ ಸರ್ವರ್ ಕೂಡ ಬಂದ ಪ್ರತಿಯೊಂದು ಬದಲಾವಣೆಯನ್ನು ಮೊದಲು ಲಾಗ್ ಕಡತದಲ್ಲಿ ದಾಖಲಿಸಿ, ಆಮೇಲೆ ಮುಖ್ಯ ಡೇಟಾಬೇಸ್‌ಗೆ ಸೇರಿಸುತ್ತದೆ. 2007ರ ಆವೃತ್ತಿಯಿಂದ ಈಚೆಗೆ ಪ್ರತಿ ಲಾಗ್ ಕಡತದ ಗಾತ್ರ 1 ಎಂಬಿ. ಅದಕ್ಕೆ ಮುಂಚೆ 5 ಎಂಬಿ ಇತ್ತು. ಡೇಟಾಬೇಸ್‌ಗೆ ಸೇರಿದ ಮಾತ್ರಕ್ಕೆ ಲಾಗ್ ಅಳಿಯುವುದಿಲ್ಲ. ಪೂರ್ಣ ಬ್ಯಾಕಪ್ ಇಲ್ಲವೇ ಇನ್‌ಕ್ರಿಮೆಂಟಲ್ ಬ್ಯಾಕಪ್ (ಹಿಂದಿನ ಬ್ಯಾಕಪ್‌ನ ನಂತರದ ಬದಲಾವಣೆಗಳದ್ದು ಮಾತ್ರ) ಸರಿಯಾಗಿ ಮುಗಿದು, ಬ್ಯಾಕಪ್ ತಂತ್ರಾಂಶವು ಆ ಸಂಗತಿಯನ್ನು ಎಕ್ಸ್‌ಚೇಂಜ್‌ಗೆ ತಿಳಿಸಿದ ಮೇಲೆಯೇ ಹಳೆಯ ಲಾಗ್‌ಗಳು ತೆಗೆದುಹಾಕಲ್ಪಡುತ್ತವೆ. ಹೀಗಾಗಿ ಲಾಗ್‌ಗಳು ಬೆಳೆಯುತ್ತಲೇ ಇವೆ ಎಂದರೆ, ವರದಿ ಏನೇ ಹೇಳಲಿ, ತನ್ನ ಬ್ಯಾಕಪ್ ಆಗಿದೆಯೆಂದು ಎಕ್ಸ್‌ಚೇಂಜ್ ಒಪ್ಪಿಕೊಂಡಿಲ್ಲ ಎಂದೇ ತಿಳಿಯಬೇಕು.

ಆದ್ದರಿಂದ ನಾನು ಮೊದಲು ತೆರೆಯುವುದು ಬ್ಯಾಕಪ್ ತಂತ್ರಾಂಶದ ವರದಿಯನ್ನಲ್ಲ, ವಿಂಡೋಸ್‌ನ ಅಪ್ಲಿಕೇಶನ್ ಇವೆಂಟ್ ಲಾಗನ್ನು, ಅಂದರೆ ತಂತ್ರಾಂಶಗಳಲ್ಲಿ ನಡೆದ ಘಟನೆಗಳನ್ನು ವಿಂಡೋಸ್ ಬರೆದಿಡುವ ಬೇರೊಂದು ದಾಖಲೆಯನ್ನು. ಡೇಟಾಬೇಸ್ ಎಂಜಿನ್ ಆದ ಇಎಸ್‌ಇ ಅಲ್ಲಿ ತನ್ನ ಹೆಜ್ಜೆಗಳನ್ನು ಸಂಖ್ಯೆಗಳಲ್ಲಿ ಬರೆದಿಡುತ್ತದೆ: ಶ್ಯಾಡೋ ಕಾಪಿ (ಡಿಸ್ಕ್‌ನ ಆ ಕ್ಷಣದ ಪ್ರತಿ) ಆರಂಭವಾದಾಗ 2005, ಬರವಣಿಗೆಯನ್ನು ತಡೆಹಿಡಿದಾಗ 2001, ತಡೆಯನ್ನು ಸಡಿಲಿಸಿದಾಗ 2003, ಯಶಸ್ವಿಯಾಗಿ ಮುಗಿದಾಗ 2006, ನಡುವೆ ಕೈಬಿಟ್ಟರೆ 2007. ಕೊನೆಗೆ ಲಾಗ್‌ಗಳನ್ನು ಅಳಿಸಿದರೆ 224, ಅಳಿಸಲು ಯಾವುದೂ ಇಲ್ಲದಿದ್ದರೆ 225 ಕಾಣಿಸುತ್ತದೆ. ಈ ಸರಣಿ ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಹುಡುಕಾಟ ಆರಂಭವಾಗಬೇಕು. ಇದರ ಜೊತೆಗೆ ಎಕ್ಸ್‌ಚೇಂಜ್‌ಗೆ ಕಮಾಂಡ್ ಕೊಡುವ ಶೆಲ್‌ನಲ್ಲಿ ಪ್ರತಿ ಮೇಲ್‌ಬಾಕ್ಸ್ ಡೇಟಾಬೇಸ್‌ನ ಕೊನೆಯ ಪೂರ್ಣ ಬ್ಯಾಕಪ್‌ನ ದಿನಾಂಕವನ್ನು ಕೇಳಿ ನೋಡಬೇಕು. ತಂತ್ರಾಂಶದ ವರದಿಯಲ್ಲಿ ನಿನ್ನೆಯ ದಿನಾಂಕವಿದ್ದು, ಈ ಜಾಗ ಖಾಲಿಯಾಗಿ ಉಳಿದಿರುವುದನ್ನು ಅನೇಕ ಕಡೆ ಕಂಡಿದ್ದೇನೆ.

ಖಾಲಿ ಉಳಿಯಲು ಸಾಮಾನ್ಯ ಕಾರಣ, ಆಗುತ್ತಿರುವ ಬ್ಯಾಕಪ್‌ನ ಬಗೆಯೇ ತಪ್ಪಾಗಿರುವುದು. ಕಾಪಿ ಬ್ಯಾಕಪ್ (ಬರಿಯ ನಕಲು) ಮತ್ತು ಡಿಫರೆನ್ಷಿಯಲ್ ಬ್ಯಾಕಪ್ (ಕೊನೆಯ ಪೂರ್ಣ ಬ್ಯಾಕಪ್‌ನ ನಂತರದ ಎಲ್ಲ ಬದಲಾವಣೆಗಳದ್ದು) ಎರಡೂ ಲಾಗ್‌ಗಳನ್ನು ಅಳಿಸುವುದಿಲ್ಲ. ವಿಂಡೋಸ್‌ನ ಜೊತೆಗೇ ಬರುವ ಬ್ಯಾಕಪ್ ಸೌಲಭ್ಯವನ್ನು ಕಮಾಂಡ್ ಮೂಲಕ ನಡೆಸುವಾಗ, ಪೂರ್ಣ ಬ್ಯಾಕಪ್ ಬೇಕೆಂದು ಸ್ಪಷ್ಟವಾಗಿ ಸೂಚಿಸದಿದ್ದರೆ ಅದು ಕಾಪಿ ಬ್ಯಾಕಪ್ಪನ್ನೇ ಮಾಡುತ್ತದೆ. ಡೇಟಾಬೇಸ್ ಒಂದು ಡ್ರೈವ್‌ನಲ್ಲಿ, ಲಾಗ್‌ಗಳು ಇನ್ನೊಂದರಲ್ಲಿ ಇದ್ದು, ಆಯ್ಕೆಯಲ್ಲಿ ಒಂದೇ ಡ್ರೈವ್ ಸೇರಿದ್ದರೂ ಇದೇ ಫಲ. ವರ್ಚುವಲ್ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಇಡೀ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದರೆ ಸಾಕೆಂದು ನಂಬಿ, ಒಳಗಿರುವ ಎಕ್ಸ್‌ಚೇಂಜ್‌ನೊಂದಿಗೆ ಮಾತಾಡುವ ಆಯ್ಕೆಯನ್ನು ಚಾಲೂ ಮಾಡಿರುವುದಿಲ್ಲ. ಅಂಥ ಪ್ರತಿಯು ವಿದ್ಯುತ್ ಹಠಾತ್ತಾಗಿ ಹೋದ ಕ್ಷಣದ ಡಿಸ್ಕ್‌ನಂತಿರುತ್ತದೆ, ಮತ್ತು ಅದನ್ನು ತೆಗೆದದ್ದು ಎಕ್ಸ್‌ಚೇಂಜ್‌ಗೆ ಗೊತ್ತೇ ಇರುವುದಿಲ್ಲ.

ಬ್ಯಾಕಪ್‌ನ ಬಗೆ ಸರಿಯಿದ್ದೂ ಇವೆಂಟ್ ಲಾಗ್‌ನಲ್ಲಿ 2007 ಎಂಬ ಸಂಖ್ಯೆ ಕಾಣಿಸಿಕೊಂಡರೆ ದೃಷ್ಟಿ ವಿಎಸ್‌ಎಸ್‌ನತ್ತ, ಅಂದರೆ ವಿಂಡೋಸ್‌ನ ಶ್ಯಾಡೋ ಕಾಪಿ ಸೇವೆಯತ್ತ ಹೋಗಬೇಕು. ಇಲ್ಲಿ ಮೂವರ ಪಾತ್ರವಿದೆ: ಪ್ರತಿ ಬೇಕೆಂದು ಕೇಳುವ ಬ್ಯಾಕಪ್ ತಂತ್ರಾಂಶ, ತನ್ನ ಡೇಟಾಬೇಸನ್ನು ಅರೆಗಳಿಗೆ ಸ್ಥಿರವಾಗಿ ಹಿಡಿದು ನಿಲ್ಲುವ ಎಕ್ಸ್‌ಚೇಂಜ್ ರೈಟರ್, ಮತ್ತು ಡಿಸ್ಕ್‌ನ ಮಟ್ಟದಲ್ಲಿ ಪ್ರತಿಯನ್ನು ಸೃಷ್ಟಿಸುವ ಪ್ರೊವೈಡರ್. ಎಕ್ಸ್‌ಚೇಂಜ್ ರೈಟರ್ ಹೀಗೆ ತಡೆಹಿಡಿದು ನಿಲ್ಲುವುದು ಹೆಚ್ಚೆಂದರೆ 20 ಸೆಕೆಂಡು. ಅಷ್ಟರೊಳಗೆ ಪ್ರತಿ ಸಿದ್ಧವಾಗದಿದ್ದರೆ ಅದು ಕೈಬಿಡುತ್ತದೆ. 2001 ಮತ್ತು 2003 ಸಂಖ್ಯೆಯ ದಾಖಲೆಗಳ ನಡುವಿನ ಸಮಯವನ್ನು ಅಳೆದರೆ ಈ ಗಡಿಗೆ ಎಷ್ಟು ಹತ್ತಿರವಾಗಿದ್ದೇವೆ ಎಂಬುದು ತಿಳಿಯುತ್ತದೆ. ನಿಧಾನಗತಿಯ ಡಿಸ್ಕ್, ಅದೇ ಹೊತ್ತಿಗೆ ಓಡುತ್ತಿರುವ ಇನ್ನೊಂದು ಬ್ಯಾಕಪ್, ಡೇಟಾಬೇಸ್ ಇರುವ ಫೋಲ್ಡರನ್ನು ಬಿಡದೆ ತಪಾಸಣೆ ಮಾಡುತ್ತಿರುವ ಆ್ಯಂಟಿವೈರಸ್, ಇವು ಸಾಮಾನ್ಯ ಕಾರಣಗಳು. ವಿಂಡೋಸ್‌ನ ಸಿಸ್ಟಮ್ ಇವೆಂಟ್ ಲಾಗ್‌ನಲ್ಲಿ ವಾಲ್‌ಸ್ನ್ಯಾಪ್ (ಶ್ಯಾಡೋ ಕಾಪಿಗಳನ್ನು ನಿರ್ವಹಿಸುವ ಡ್ರೈವರ್) ಹೆಸರಿನಲ್ಲಿ 25 ಅಥವಾ 36 ಎಂಬ ಸಂಖ್ಯೆ ಕಂಡರೆ, ಶ್ಯಾಡೋ ಕಾಪಿಗೆ ಮೀಸಲಿಟ್ಟ ಜಾಗ ಬೆಳೆಯಲಾಗದೆ ಪ್ರತಿಯೇ ನಾಶವಾಗಿದೆ ಎಂದರ್ಥ. ಆಗ ಬೇಕಾದದ್ದು ಜಾಗ. ಸರ್ವರನ್ನು ರೀಸ್ಟಾರ್ಟ್ ಮಾಡುವುದರಿಂದ ಏನೂ ಆಗದು.

ರೈಟರ್‌ಗಳ ಪಟ್ಟಿಯನ್ನು ತೆಗೆದಾಗ ಎಕ್ಸ್‌ಚೇಂಜ್ ರೈಟರ್ ವಿಫಲ ಸ್ಥಿತಿಯಲ್ಲಿದ್ದರೆ ಇಡೀ ಸರ್ವರನ್ನೇ ರೀಸ್ಟಾರ್ಟ್ ಮಾಡುವ ರೂಢಿಯಿದೆ. 2013ರ ಆವೃತ್ತಿಯಿಂದ ಈ ರೈಟರ್ ಇರುವುದು ಎಕ್ಸ್‌ಚೇಂಜ್ ರೆಪ್ಲಿಕೇಶನ್ ಸೇವೆಯೊಳಗೆ. ಒಂದೇ ಸರ್ವರ್ ಇರುವ ಕಡೆ ಆ ಸೇವೆಯೊಂದನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ರೈಟರ್ ಸ್ಥಿರವಾಗುತ್ತದೆ. ತಪ್ಪು ಎಕ್ಸ್‌ಚೇಂಜ್‌ನದೋ ಬ್ಯಾಕಪ್ ತಂತ್ರಾಂಶದ್ದೋ ಎಂಬ ವಾದ ಎರಡು ಬೆಂಬಲ ತಂಡಗಳ ನಡುವೆ ಹುಟ್ಟಿದಾಗ, ವಿಂಡೋಸ್‌ನ ಡಿಸ್ಕ್‌ಶ್ಯಾಡೋ ಉಪಕರಣದಿಂದ ಕೈಯಾರೆ ಒಂದು ಶ್ಯಾಡೋ ಕಾಪಿ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಅದು ಯಶಸ್ವಿಯಾದರೆ ಎಕ್ಸ್‌ಚೇಂಜ್ ಮತ್ತು ವಿಎಸ್‌ಎಸ್ ಎರಡೂ ಸರಿಯಿವೆ. ಆದರೆ ಒಂದು ಎಚ್ಚರಿಕೆ: ಈ ಪರೀಕ್ಷೆಯನ್ನು ಪೂರ್ಣ ಬ್ಯಾಕಪ್ಪೆಂದು ಮುಗಿಸಿದರೆ ಎಕ್ಸ್‌ಚೇಂಜ್ ಲಾಗ್‌ಗಳನ್ನು ಅಳಿಸಿಬಿಡುತ್ತದೆ, ಕೈಯಲ್ಲಿ ಮಾತ್ರ ಯಾವ ಪ್ರತಿಯೂ ಉಳಿಯುವುದಿಲ್ಲ. ಡಿಸ್ಕ್ ಖಾಲಿ ಮಾಡುವ ಉಪಾಯವೆಂದು ಇದನ್ನು ನಿತ್ಯದ ಕೆಲಸವಾಗಿ ಇಟ್ಟುಕೊಂಡವರಿಗೆ ನಾನು ಕೈಮುಗಿದು ಹೇಳುವುದು, ದಯವಿಟ್ಟು ನಿಲ್ಲಿಸಿ ಎಂದು.

ಲಾಗ್‌ಗಳನ್ನು ಕೈಯಾರೆ ಅಳಿಸುವುದು ಇದಕ್ಕಿಂತ ಅಪಾಯಕಾರಿ. ಡೇಟಾಬೇಸ್‌ಗೆ ಇನ್ನೂ ಸೇರದ ಲಾಗ್ ಒಂದೇ ಒಂದು ಹೋದರೂ ಡೇಟಾಬೇಸ್ ಮತ್ತೆ ಮೌಂಟ್ ಆಗದೇ, ಅಂದರೆ ಬಳಕೆಗೆ ತೆರೆಯದೇ ಹೋಗಬಹುದು. ತುರ್ತಾದರೆ ಎಕ್ಸ್‌ಚೇಂಜ್‌ನ ಎಸಿಯುಟಿಲ್ ಉಪಕರಣದಿಂದ ಚೆಕ್‌ಪಾಯಿಂಟ್ (ಎಲ್ಲಿಯವರೆಗಿನ ಲಾಗ್‌ಗಳು ಡೇಟಾಬೇಸ್‌ಗೆ ಸೇರಿವೆ ಎಂಬ ಗುರುತು) ಎಲ್ಲಿದೆ ಎಂದು ನೋಡಿ, ಅದಕ್ಕಿಂತ ಸಾಕಷ್ಟು ಹಿಂದಿನ ಕಡತಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಬೇಕು, ಅಳಿಸಬಾರದು. ಹಳೆಯ ಬ್ಯಾಕಪ್‌ನಿಂದ ಈ ದಿನದವರೆಗೆ ಮುಂದೆ ಬರಬೇಕಾದರೆ ಅವೇ ಬೇಕು. ಸರ್ಕ್ಯುಲರ್ ಲಾಗಿಂಗನ್ನು, ಅಂದರೆ ಡೇಟಾಬೇಸ್‌ಗೆ ಸೇರಿದ ಲಾಗ್‌ಗಳನ್ನು ಬ್ಯಾಕಪ್‌ಗೆ ಕಾಯದೆ ತೆಗೆದುಹಾಕುವ ವ್ಯವಸ್ಥೆಯನ್ನು, ಚಾಲೂ ಮಾಡಿದರೆ ಜಾಗದ ತೊಂದರೆ ತೀರುತ್ತದೆ ನಿಜ, ಆದರೆ ಹೀಗೆ ಮುಂದೆ ಬರುವ ದಾರಿ ಮುಚ್ಚುತ್ತದೆ, ಇನ್‌ಕ್ರಿಮೆಂಟಲ್ ಬ್ಯಾಕಪ್ ಕೂಡ ಸಾಧ್ಯವಾಗುವುದಿಲ್ಲ. ಹಲವು ಸರ್ವರ್‌ಗಳು ಸೇರಿ ಒಂದೇ ಡೇಟಾಬೇಸ್‌ನ ಪ್ರತಿಗಳನ್ನು ಇಟ್ಟುಕೊಂಡಿರುವ ಗುಂಪುಗಳಲ್ಲಿ, ಬ್ಯಾಕಪ್ ಸರಿಯಾಗಿದ್ದೂ ಒಂದು ಪ್ರತಿ ಹಿಂದೆ ಬಿದ್ದಿರುವ ಕಾರಣಕ್ಕೆ ಎಲ್ಲ ಕಡೆಯೂ ಲಾಗ್‌ಗಳು ಉಳಿಯುತ್ತವೆ ಎಂಬುದನ್ನೂ ನೆನಪಿಡಬೇಕು.

ಬ್ಯಾಕಪ್ ಪರಿಶೀಲನೆಯ ವೇಳೆ -1018 ಎಂಬ ದೋಷ ಬಂದರೆ ಅದನ್ನು ಬ್ಯಾಕಪ್‌ನ ತೊಂದರೆಯೆಂದು ತಿಳಿಯಬಾರದು; ಡೇಟಾಬೇಸ್‌ನ ಪುಟವೊಂದು ಭೌತಿಕವಾಗಿ ಕೆಟ್ಟಿದೆ, ಸಂಶಯ ಡಿಸ್ಕ್ ಅಥವಾ ಕಂಟ್ರೋಲರ್ ಮೇಲೆ. ಎಸಿಯುಟಿಲ್‌ನ ರಿಪೇರಿ ಆಯ್ಕೆ ಕೆಟ್ಟ ಪುಟಗಳನ್ನು ಕಿತ್ತೆಸೆದು ಉಳಿದದ್ದನ್ನು ಹೊಂದಿಸುತ್ತದೆಯಾದ್ದರಿಂದ ಅದು ಕೊನೆಯ ದಾರಿ. ಅದಕ್ಕೆ ಮುಂಚೆ ಮೇಲ್‌ಬಾಕ್ಸ್‌ಗಳನ್ನು ಬೇರೆ ಡಿಸ್ಕ್‌ನ ಹೊಸ ಡೇಟಾಬೇಸ್‌ಗೆ ಸಾಗಿಸಲು ಪ್ರಯತ್ನಿಸಬೇಕು.

ಇಷ್ಟೆಲ್ಲ ಸರಿಯಾದ ಮೇಲೆ ಬ್ಯಾಕಪ್ ಪ್ರತಿಯನ್ನು ರಿಕವರಿ ಡೇಟಾಬೇಸ್‌ಗೆ (ಮರುಸ್ಥಾಪನೆಗೆಂದೇ ಇರುವ ಪ್ರತ್ಯೇಕ ಡೇಟಾಬೇಸ್) ಇಳಿಸಿ ನೋಡಲೇಬೇಕು. ಇಳಿಸಿದ ಕೂಡಲೇ ಅದು ‘ಡರ್ಟಿ ಶಟ್‌ಡೌನ್’ ಸ್ಥಿತಿಯಲ್ಲಿದೆ (ಕೆಲವು ಲಾಗ್‌ಗಳು ಇನ್ನೂ ಸೇರಿಲ್ಲ) ಎಂದು ತೋರಿದರೆ ಗಾಬರಿ ಬೇಡ, ಲಾಗ್‌ಗಳನ್ನು ಅದಕ್ಕೆ ಸೇರಿಸಿದ ಮೇಲೆ ಸ್ಥಿತಿ ಸರಿಹೋಗುತ್ತದೆ. ಅನಂತರ ಒಬ್ಬ ನೌಕರರ ಮೇಲ್‌ಬಾಕ್ಸನ್ನು ಅದರಿಂದ ಹೊರತೆಗೆದು, ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ಬರೆದಿಟ್ಟು ಆಡಳಿತಕ್ಕೆ ತಿಳಿಸಬೇಕು. ಇಡೀ ಸರ್ವರೇ ಹೋದಾಗಿನ ಮಾತು ಬೇರೆ. ಎಕ್ಸ್‌ಚೇಂಜ್‌ನ ಹೆಚ್ಚಿನ ಸಂರಚನೆ ಇರುವುದು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಸಂಸ್ಥೆಯ ಬಳಕೆದಾರರ ಮತ್ತು ಯಂತ್ರಗಳ ವಿವರಗಳನ್ನು ಇಡುವ ವಿಂಡೋಸ್‌ನ ಕೋಶದಲ್ಲಿ. ಅದು ಉಳಿದಿದ್ದರೆ ಅದೇ ಹೆಸರಿನ ಹೊಸ ಯಂತ್ರದಲ್ಲಿ ಸೆಟಪ್‌ನ ರಿಕವರ್ ಸರ್ವರ್ ಆಯ್ಕೆಯಿಂದ ಸರ್ವರನ್ನು ಮತ್ತೆ ಕಟ್ಟಬಹುದು. ಅದೂ ಹೋಗಿದ್ದರೆ ಡೇಟಾಬೇಸ್‌ನ ಪ್ರತಿ ಕೈಯಲ್ಲಿದ್ದೂ ಕೆಲಸ ಬಹಳ ಕಷ್ಟವಾಗುತ್ತದೆ. ಹಾಗಾಗಿ ಆ ಡೈರೆಕ್ಟರಿಯನ್ನು ಇಟ್ಟುಕೊಂಡಿರುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಸಿಸ್ಟಮ್ ಸ್ಟೇಟ್ ಬ್ಯಾಕಪ್ ಕೂಡ ಇದೇ ವೇಳಾಪಟ್ಟಿಯಲ್ಲಿರಬೇಕು. ಅದಕ್ಕೆ ಆಯಸ್ಸಿದೆ ಎಂಬುದನ್ನೂ ಗಮನದಲ್ಲಿಡಬೇಕು: ಅಳಿಸಿದ ದಾಖಲೆಗಳ ಗುರುತನ್ನು ಡೈರೆಕ್ಟರಿ ಉಳಿಸಿಕೊಳ್ಳುವ ಟೂಂಬ್‌ಸ್ಟೋನ್ ಅವಧಿಯನ್ನು, ಅಂದರೆ ಈಗಿನ ಸಾಮಾನ್ಯ ವ್ಯವಸ್ಥೆಗಳಲ್ಲಿ 180 ದಿನಗಳನ್ನು, ಮೀರಿದ ಪ್ರತಿಯನ್ನು ಮರುಸ್ಥಾಪನೆಗೆ ಬಳಸುವಂತಿಲ್ಲ.