ಯುವರಾಜನ ಪ್ರವಾಸ, ಪರಿವಾರದ ಲೇಖನಿ

ಹಳೆಯ ಪ್ರವಾಸಕಥನಗಳನ್ನು ವಿದ್ಯಾರ್ಥಿಗಳಿಗೆ ಓದಿಸುವಾಗ ನಾನು ಮೊದಲು ಕೇಳುವುದು ಇಷ್ಟೇ: ಹೋದವರು ಯಾರೆಂಬುದು ಗೊತ್ತಾಯಿತು, ಬರೆದವರು ಯಾರು? ಇಟಲಿಯ ಟಸ್ಕನಿ ಸಂಸ್ಥಾನದ ಯುವರಾಜ, ಅಲ್ಲಿನ ಆಳುವ ಮನೆತನವಾದ ಮೆಡಿಚಿಯ ಕುಡಿ, ಮುಂದೆ ಮೂರನೆಯ ಕೊಸಿಮೊ ಎನಿಸಿಕೊಂಡವನ ಪ್ರವಾಸ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ.

ಹೆಂಡತಿಯೊಂದಿಗೆ ಆತನಿಗೆ ಕೂಡಿಬರಲಿಲ್ಲ. ತಂದೆ ಮಗನನ್ನು ದೇಶ ನೋಡಲು ಕಳಿಸಿದ: 1667ರಲ್ಲಿ ಜರ್ಮನಿ, ಹಾಲೆಂಡ್, ಮರುವರ್ಷ ಸ್ಪೇನ್, ಪೋರ್ಚುಗಲ್, ಅಲ್ಲಿಂದ ಇಂಗ್ಲೆಂಡ್. ಬರೆಯುವವರೂ ಜೊತೆಗೇ ಹೊರಟರು. ಫಿಲಿಪ್ಪೊ ಕೊರ್ಸಿನಿ ದಿನಚರಿ ಇಟ್ಟ, ವೈದ್ಯ ಗೊರ್ನಿಯಾ ತನ್ನದೊಂದು ಇಟ್ಟ. ಅಧಿಕೃತ ಕಥನ ಲೊರೆಂಜೊ ಮಗಲೊತ್ತಿಯ ಹೆಸರಿನಲ್ಲಿ ಉಳಿದಿದೆ.

ಅಧಿಕೃತ ಕಥನ ಓದುವುದಕ್ಕೆ ತಾಳ್ಮೆ ಬೇಕು. ಪ್ರಾರ್ಥನೆ, ಪಯಣ, ಕೋಟೆ, ಕಾಣಲು ಬಂದ ಗಣ್ಯರು, ಮತ್ತೆ ಪ್ರಾರ್ಥನೆ. ಅದೇ ಮಗಲೊತ್ತಿ 1668ರಲ್ಲಿ ತಾನೇ ಲಂಡನ್ ನೋಡಿ ಬಂದು ಬರೆದ ವರದಿಯಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನ ಆಸ್ಥಾನದ ಪ್ರಣಯ ಪ್ರಸಂಗಗಳನ್ನೆಲ್ಲ ಬಿಚ್ಚಿಡುತ್ತಾನೆ. ಅದು ಅಚ್ಚಿಗಾಗಿ ಬರೆದದ್ದಲ್ಲ, ಹಾಗಾಗಿಯೇ ಅಲ್ಲಿ ಜೀವವಿದೆ.

ತಾರೀಖಿನ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಸ್ಪೇನಿನ ಲಾ ಕೊರುನ್ಯಾದಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ಐರ್ಲೆಂಡಿನ ಕಿನ್ಸೇಲ್ ಸೇರಿ, ಕೊನೆಗೆ ಇಂಗ್ಲೆಂಡಿನ ಪ್ಲಿಮತ್ ಬಂದರು ಮುಟ್ಟಿತು. ಇಟಲಿಯವರ ಲೆಕ್ಕದಲ್ಲಿ ಅಂದು 1669ರ ಏಪ್ರಿಲ್ 1. ಹತ್ತು ದಿನ ಹಿಂದಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸುತ್ತಿದ್ದ ಇಂಗ್ಲೆಂಡಿನವರಿಗೆ ಮಾರ್ಚ್ 22. ಅವರ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿದ್ದುದರಿಂದ ಇಸವಿಯೂ ಇನ್ನೂ 1668! ಎರಡೂ ಕಡೆಯ ಕಾಗದಗಳನ್ನು ಎದುರಿಟ್ಟುಕೊಂಡವರು ಒಂದನ್ನು ಸುಳ್ಳೆಂದು ಬದಿಗೆ ಸರಿಸುವುದು ಸಹಜ. ಎರಡೂ ಸರಿ. ಇಂಗ್ಲೆಂಡಿನ ತಾರೀಖಿಗೆ ಹತ್ತು ದಿನ ಕೂಡಿಸಿ, ಇಸವಿ ತಿದ್ದಿಕೊಂಡರೆ ಮುಗಿಯಿತು.

ನನಗಂತೂ ಪರಿವಾರದ ಚಿತ್ರಕಾರ ಪಿಯೆರ್ ಮರಿಯಾ ಬಾಲ್ಡಿಯೇ ಹೆಚ್ಚು ಪ್ರಿಯ. ಅವನು ಬರೆಯಲಿಲ್ಲ, ಉದ್ದುದ್ದ ಹಾಳೆಗಳಲ್ಲಿ ಬಿಡಿಸಿದ. ಮ್ಯಾಡ್ರಿಡ್, ಲಿಸ್ಬನ್ ಇರಲಿ, ಪರಿವಾರ ಊಟಕ್ಕೋ ರಾತ್ರಿ ತಂಗುವುದಕ್ಕೋ ನಿಂತ ಚಿಕ್ಕಪುಟ್ಟ ಊರುಗಳೂ ಅವನ ಕುಂಚಕ್ಕೆ ಸಿಕ್ಕಿವೆ. ಕಥನಕಾರ ಒಂದು ಸಾಲಿನಲ್ಲಿ ದಾಟಿದ ಊರಿಗೆ ಅವನು ಇಡೀ ಹಾಳೆ ಕೊಟ್ಟಿದ್ದಾನೆ: ಚರ್ಚಿನ ಗೋಪುರ, ಒತ್ತೊತ್ತಾದ ಮನೆಗಳ ಮಾಡು, ಹಿಂದೆ ಬೋಳು ಗುಡ್ಡ. ಸ್ಪೇನಿನ ಹಲವು ಊರುಗಳು ಮುನ್ನೂರೈವತ್ತು ವರ್ಷಗಳ ಹಿಂದಿನ ತಮ್ಮ ಮುಖ ನೋಡಿಕೊಳ್ಳಲು ಇಂದಿಗೂ ಫ್ಲಾರೆನ್ಸಿನ ಲಾರೆಂಜಿಯನ್ ಗ್ರಂಥಾಲಯದಲ್ಲಿರುವ ಆ ಹಾಳೆಗಳಿಗೇ ಬರಬೇಕು.